ನೀಲವ್ವನ ಕಾರು

ಆ ಓಣಿಗೆ ಕೈಗಾಡಿಯೂ ಬರುವುದಿಲ್ಲ. ಉಳ್ಳಾಗಡ್ಡಿ ಮಾರುವವನು ಗಾಡಿಯನ್ನು ಓಣಿಯ ಬಾಯಲ್ಲೇ ನಿಲ್ಲಿಸಿ ಕೂಗುತ್ತಾನೆ, ಬೇಕಾದವರು ಪುಟ್ಟಿ ಹಿಡಿದು ಅಲ್ಲಿಗೇ ಹೋಗಬೇಕು. ಯಾರಾದರೂ ಸತ್ತರೆ ಚಟ್ಟವನ್ನು ಓರೆ ಮಾಡಿ ಹೊರಗೆ ತರಬೇಕು. ನಾಗಪುರದ ಖಾಪರಿಯಲ್ಲಿ, ರೈಲು ಹಳಿಯ ಹಿಂದೆ, ಅಂಥ ಓಣಿಯ ಕೊನೆಯ ತಗಡಿನ ಮನೆಯ ಮುಂದೆ ಮೇ ತಿಂಗಳ ಉರಿಬಿಸಿಲಲ್ಲಿ ನಿಂತು ಅಂಗನವಾಡಿಯ ಮೇಶ್ರಾಮ್ ತಾಯಿ ಕೇಳಿದಳು:

"ನೀಲಾಂಬಿಕಾಬಾಯಿ, ನಿಮ್ಮ ಕಾರು ಎಲ್ಲಿ ನಿಲ್ಲಿಸ್ತೀರಿ?"

ನೀಲವ್ವ ಒಳಗೆ ಗಂಡನ ತಲೆಗೆ ಒದ್ದೆ ಬಟ್ಟೆ ಹಾಕುತ್ತಿದ್ದಳು. ತಗಡು ಕಾದರೆ ಸಿದ್ದಲಿಂಗಯ್ಯನಿಗೆ ಫಿಟ್ಸ್ ಬರುತ್ತದೆ. ಗವಂಡಿ ಕೆಲಸದಲ್ಲಿ ಸ್ಲ್ಯಾಬಿನಿಂದ ಬಿದ್ದು ತಲೆ ಒಡೆದುಕೊಂಡವನು ಅವನು. ಕಂತ್ರಾಟುದಾರ ಪಟ್ಟಿ ಕಟ್ಟಿಸಿದ, ಅಲ್ಲಿಗೆ ಅವನ ಧರ್ಮ ಮುಗಿಯಿತು. ಅಂದಿನಿಂದ ಗುಳಿಗೆ ನುಂಗಿದ ದಿನ ಸಿದ್ದಲಿಂಗಯ್ಯ ಮನುಷ್ಯ, ತಪ್ಪಿದ ದಿನ ನೆಲದ ಮೇಲಿನ ಮೀನು.

"ಏನಂದ್ರಿ ತಾಯಿ? ಕಾರಾ?"

"ಹೌದು, ಕಾರು. ನೋಡಿ ಬರೀಬೇಕು ಅಂತ ಮೇಲಿಂದ ಹೇಳ್ಯಾರ."

ನೀಲವ್ವ ನಕ್ಕಳು. ಮೇಶ್ರಾಮ್ ತಾಯಿ ನಗಲಿಲ್ಲ. ಅವಳು ಸೆರಗಿನಿಂದ ಬೆವರು ಒರೆಸಿಕೊಂಡು ಹೊಸ್ತಿಲ ಮೇಲೆ ಕೂತು ವಿಷಯ ಬಿಡಿಸಿ ಹೇಳಿದಳು. ಬಡ ಹೆಂಗಸರ ಖಾತೆಗೆ ಸರ್ಕಾರ ತಿಂಗಳಿಗೊಮ್ಮೆ ಹಾಕುವ ಹದಿನೈದು ನೂರು ರೂಪಾಯಿಗೆ ಓಣಿಯವರು ಬಹೀಣ್ ಪೈಸಾ ಎನ್ನುತ್ತಾರೆ. ಮನೆಯಲ್ಲಿ ನಾಲ್ಕು ಗಾಲಿಯ ಗಾಡಿ ಇದ್ದವರಿಗೆ ಅದು ಇಲ್ಲ. ನೀಲವ್ವನಿಗೆ ಎರಡು ತಿಂಗಳಿಂದ ನಿಂತಿದ್ದು ಅದಕ್ಕೇ. ಅವಳ ಹೆಸರಿನಲ್ಲಿ ಒಂದು ಕಾರು ಇದೆ.

"ಹಂಗ ಮಸ್ಕರಿ ಮಾಡಬ್ಯಾಡ್ರಿ," ಎಂದಳು ನೀಲವ್ವ. "ಆ ರೊಕ್ಕ ಬರಲಿಲ್ಲಂದ್ರ ಇವರ ಗುಳಿಗಿ ನಿಲ್ತಾವು. ಸರ್ಕಾರಿ ದವಾಖಾನ್ಯಾಗ ಒಂದು ಥರದ್ದು ಅಷ್ಟ ಕೊಡ್ತಾರ. ಇನ್ನೊಂದು ಹೊರಗ ಕೊಳ್ಳಬೇಕು. ನಾ ಆ ರೊಕ್ಕ ಮನಿಗೇ ತರಂಗಿಲ್ರಿ, ನೆಟ್ಟಗ ಮೆಡಿಕಲ್ ಅಂಗಡಿಗೆ ಹೋಗ್ತದ."

"ಮಸ್ಕರಿ ಅಲ್ಲ ಬಾಯಿ. ಕೊನೀ ನಂಬರ್ ಎಪ್ಪತ್ತೊಂದು ಹದಿನೆಂಟು. ಬಿಳೀ ಕಾರು."

ನೀಲವ್ವನ ನಗು ಅಲ್ಲೇ ನಿಂತಿತು. ಎಪ್ಪತ್ತೊಂದು ಹದಿನೆಂಟನ್ನು ಅವಳು ದಿನಾ ಬೆಳಿಗ್ಗೆ ತೊಳೆಯುತ್ತಾಳೆ. ಎಡಗಡೆಯ ಹಿಂದಿನ ಬಾಗಿಲ ಕೆಳಗೆ ಒಂದು ತಗ್ಗು ಬಿದ್ದಿದೆ, ಅಲ್ಲಿ ರಾಡಿ ನಿಲ್ಲುತ್ತದೆ, ಬಟ್ಟೆ ತುದಿ ತೂರಿಸಿ ತೆಗೆಯಬೇಕು. ಅದು ಉಮಾಪತಿ ಸಾವ್ಕಾರರ ಕಾರು.

"ನೋಡ್ದೆ, ಇಲ್ಲ ಅಂತ ನಾ ಬರೀತೀನಿ," ಎಂದಳು ಮೇಶ್ರಾಮ್ ತಾಯಿ ಏಳುತ್ತ. "ಆದ್ರ ಕಂಪ್ಯೂಟರ್ ನನ್ನ ಕಣ್ಣು ನಂಬಂಗಿಲ್ಲ. ಹೆಸರಿನ ಮ್ಯಾಲಿಂದ ಗಾಡಿ ತಗಸು ಬಾಯಿ. ಇಲ್ಲಂದ್ರ ಮುಂದ ರೇಶನ್ನೂ ಹೋಗ್ತದ."

ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೆ ಗತಿಯಿಲ್ಲ ಎಂದು ಗಾದೆ. ನೀಲವ್ವನ ಮನೆಯಲ್ಲಿ ಆ ದಿನ ನಿಜವಾಗಿಯೂ ಮಜ್ಜಿಗೆ ಇರಲಿಲ್ಲ. ಬಿಸಿಲಲ್ಲಿ ಬಂದ ಮೇಶ್ರಾಮ್ ತಾಯಿಗೆ ಕಾರಿನ ಒಡತಿ ಒಂದು ತಂಬಿಗೆ ನೀರು ಕೊಟ್ಟು ಕಳಿಸಿದಳು.

ಉಮಾಪತಿ ಯಾರೆಂದು ಹೇಳಬೇಕು. ಅವನ ತಂದೆ ಹುಬ್ಬಳ್ಳಿಯಿಂದ ವರ್ಗವಾಗಿ ಬಂದ ರೈಲ್ವೆ ಗಾರ್ಡು. ಮಗ ಅಜನಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದು, ವರ್ಧಾ ರಸ್ತೆಯಲ್ಲಿ ಜಾಗ ಹಿಡಿದು, ಮಿಹಾನ್ ಎಂಬ ಕೈಗಾರಿಕಾ ಪ್ರದೇಶದ ಕಂಪನಿಗಳಿಗೆ ಕ್ಯಾಬ್ ಓಡಿಸುವ ಧಣಿಯಾದ. ಕನ್ನಡ ರಾಜ್ಯೋತ್ಸವದ ದಿನ ಶಾಲು ಹೊದ್ದು ವೇದಿಕೆ ಹತ್ತುತ್ತಾನೆ. ಪರವೂರಿನಲ್ಲಿ ನಮ್ಮವರು ನಮ್ಮವರಿಗೆ ಆಗಬೇಕು ಎಂದು ಗಂಟಲು ಕಟ್ಟುವವರೆಗೆ ಹೇಳುತ್ತಾನೆ. ಆ ಮಾತು ಕೇಳಿಯೇ ನೀಲವ್ವ ಕೆಲಸ ಕೇಳಿಕೊಂಡು ಹೋಗಿದ್ದಳು. ಇಂಡಿ ತಾಲೂಕಿನವಳು ಎಂದು ತಿಳಿದ ಕೂಡಲೇ, "ನಮ್ಮ ಕಡೀ ಹೆಣ್ಮಗಳು, ಬಾ ತಂಗಿ," ಎಂದು ಕ್ಯಾಬ್ ತೊಳೆಯುವ ಕೆಲಸ ಕೊಟ್ಟ. ನಮ್ಮ ಕಡೆಯವಳಿಗೆ ಕೊಡುವ ಪಗಾರ ಬೇರೆ ಕಡೆಯವರಿಗಿಂತ ಕಮ್ಮಿ ಎಂಬುದು ಅವಳಿಗೆ ಆಮೇಲೆ ತಿಳಿಯಿತು. ನಮ್ಮವರಲ್ಲವೇ, ಸುಧಾರಿಸಿಕೊಂಡು ಹೋಗುತ್ತಾರೆ.

ಅವನ ಯಾರ್ಡಿನಲ್ಲಿ ತೊಳೆಯುವವರು ಮೂವರು. ನೀಲವ್ವ, ಬೀದರ ಕಡೆಯ ಇಮಾಂಬಿ, ಇದೇ ಸೀಮೆಯ ಚಂದಾ ಉಯಿಕೆ. ದಿನಾ ತಾಸುಗಟ್ಟಲೆ ನೀರಿನಲ್ಲಿ ನಿಂತು ಮೂವರ ಕಾಲ್ಬೆರಳ ಸಂದಿಗಳೂ ಬೆಳ್ಳಗೆ ಕೊಳೆತಿವೆ.

ಹೋದ ವರ್ಷದ ದಸರೆಯ ಖಂಡೇಪೂಜೆ ನೀಲವ್ವನಿಗೆ ಚೆನ್ನಾಗಿ ನೆನಪಿದೆ. ಮೂರು ಹೊಸ ಕಾರು ಬಂದಿದ್ದವು. ಉಮಾಪತಿ ಮೂವರಿಗೂ ಸೀರೆ ಕೊಡಿಸಿದ. "ಹೊಸ ಗಾಡಿ ಚಾವಿ ಮುತ್ತೈದಿ ಕೈಲೇ ಹಿಡಿಸಬೇಕು, ನಮ್ಮ ಪದ್ಧತಿ. ನೀವ ನನ್ನ ಲಕ್ಷ್ಮಿಯರು," ಎಂದ. ಒಬ್ಬೊಬ್ಬರನ್ನು ಒಂದೊಂದು ಕಾರಿನ ಮುಂದೆ ನಿಲ್ಲಿಸಿದ. ನೀಲವ್ವ ಕುಂಕುಮ ಹಚ್ಚಿದಳು, ಬೂದುಗುಂಬಳ ಒಡೆದಳು. ಚಾವಿ ಎತ್ತಿ ಹಿಡಿದು ನಗು ಎಂದರು, ನಕ್ಕಳು. ಫೋಟೋ ತೆಗೆದರು. ಚಾವಿ ತಿರುಗಿ ಇಸಿದುಕೊಂಡರು. ಬನ್ನಿ ಎಲೆ ಕೈಯಲ್ಲಿಟ್ಟು, "ಬಂಗಾರ ತಗೊಂಡು ಬಂಗಾರದಂಗ ಇರ್ರಿ," ಎಂದ ಸಾವ್ಕಾರ.

ಇಮಾಂಬಿ ಸಾಬರವಳು. ಚಂದಾ ಗಂಡ ಸತ್ತವಳು. ಅವರ ಕೈಗೂ ಚಾವಿ ಕೊಟ್ಟಿದ್ದನ್ನು ಕಂಡು ನೀಲವ್ವನ ಎದೆ ತುಂಬಿತ್ತು. ಎಂಥ ದೊಡ್ಡ ಮನಸ್ಸು, ಜಾತಿ ನೋಡಲಿಲ್ಲ, ಹಣೆ ನೋಡಲಿಲ್ಲ ಎಂದು ಮನೆಗೆ ಬಂದು ಗಂಡನ ಮುಂದೆ ಹಾಡಿ ಹೊಗಳಿದ್ದಳು. ಅದಕ್ಕೂ ತಿಂಗಳು ಮೊದಲು, ಹಬ್ಬದ ಬೋನಸ್ ಖಾತೆಗೆ ಹಾಕಬೇಕೆಂದು ಆಧಾರ್ ತರಿಸಿ ಅಲ್ಲಿ ಇಲ್ಲಿ ಹೆಬ್ಬಟ್ಟು ಒತ್ತಿಸಿಕೊಂಡಿದ್ದರು. ಬೋನಸ್ಸೆಂದು ಬಂದದ್ದು ಆ ಸೀರೆ ಮತ್ತು ಒಂದು ಡಬ್ಬಿ ಸೋನಪಾಪಡಿ.

ಮರುದಿನ ಎಪ್ಪತ್ತೊಂದು ಹದಿನೆಂಟನ್ನು ತೊಳೆಯುತ್ತ ನೀಲವ್ವ ಅದರ ಡ್ರೈವರ್ ಪ್ರವೀಣನನ್ನು ಕೇಳಿದಳು. ಅವನೂ ಅದೇ ಓಣಿಯವನು. ಅಪ್ಪ ಆರ್ಡ್‌ನನ್ಸ್ ಫ್ಯಾಕ್ಟರಿಯ ಕೆಲಸಕ್ಕೆಂದು ಗದಗಿನಿಂದ ಬಂದವನು. ಪ್ರವೀಣನಿಗೆ ಕನ್ನಡ ಓದಲು ಬರುವುದಿಲ್ಲ, ಆಡಲು ಬರುತ್ತದೆ.

"ನಾ ಹೇಳಬೇಕು ಅಂತಿದ್ದೆ ಅಕ್ಕಾ, ಧೈರ್ಯ ಆಗಲಿಲ್ಲ," ಎಂದ. "ಬರೋಬರ್ ಐತಿ. ಗಾಡಿ ನಿನ್ನ ನಾಮ್ ಪೇ ಐತಿ. ಆ ಎರಡು ಇಮಾಂಬಿ ಮೌಸಿದು, ಚಂದಾಬಾಯಿದು."

"ಯಾಕ? ಅವಂಗ ಹೆಂಡ್ತಿ ಇಲ್ಲೇನು, ಮಕ್ಕಳಿಲ್ಲೇನು? ನಮ್ಮ ಹೆಸರಿಗ್ಯಾಕ ಇಟ್ಟ?"

"ಅವರು ಬಡವರಲ್ಲಲ್ಲ." ಪ್ರವೀಣ ದನಿ ತಗ್ಗಿಸಿದ. "ಬಡ ಹೆಣ್ಮಕ್ಕಳಿಗೆ ಸ್ವಂತ ಉದ್ಯೋಗ ಅಂತ ಸರ್ಕಾರ ಸಾಲ ಕೊಡ್ತೈತಿ. ಅದರಾಗ ಒಂದು ಪಾಲು ಮಾಫಿ. ಅದನ್ನ ನಿಮ್ಮ ಹೆಸರಿನ ಮ್ಯಾಲ ಎತ್ಯಾನ. ಬಡ್ಡಿ ಭೀ ಕಮ್ಮಿ. ಊಪರ್ ಸೇ, ಹೆಣ್ಮಕ್ಕಳ ಗಾಡಿ ಅಂದ್ರ ಕಂಪನಿಯವರು ಮೊದಲ ಕೆಲಸ ಕೊಡ್ತಾರ."

"ಮತ್ತ ದುಡಿದದ್ದು?"

"ಅದು ಅವನ ಕಿಸೆಗೆ. ಆದ್ರ ಕಾಗದದಾಗ ನಿಮಗ ಬಾಡಿಗಿ ಕೊಟ್ಟೀನಿ ಅಂತ ತೋರಸ್ತಾನ. ಅವನ ಗಳಿಕಿ ಕಮ್ಮಿ ಆತು, ಟ್ಯಾಕ್ಸ್ ಕಮ್ಮಿ ಆತು. ನಿಮ್ಮ ಗಳಿಕಿಗೆ ಟ್ಯಾಕ್ಸ್ ಹತ್ತಂಗಿಲ್ಲ, ನೀವು ಬಡವರು. ಸಮಝ್ಯಾ ಕ್ಯಾ? ಟ್ಯಾಕ್ಸ್ ಕಟ್ಟೂ ಮುಂದ ಅಂವ ನೀವಾಗ್ತಾನ. ಉಣ್ಣೂ ಮುಂದ ಅಂವ ಅವನ."

ನೀಲವ್ವ ಕೈಯಲ್ಲಿದ್ದ ಸೋಪಿನ ನೊರೆಯನ್ನು ನೋಡಿದಳು. "ನಾ ಟ್ಯಾಕ್ಸ್ ಕಟ್ಟಂಗಿಲ್ಲೇನು?"

"ನೀ ಯಾಕ ಕಟ್ಟಂಗಿಲ್ಲ? ಮೈಗೆ ಹಚ್ಚೂ ಸೋಪಿಗೆ ಐತಿ, ಕಾಲಾಗಿನ ಚಪ್ಪಲಿಗೆ ಐತಿ, ಮೊಬೈಲಿಗೆ ರೊಕ್ಕ ಹಾಕಿದ್ರ ಐತಿ. ನಿನಗೂ ಅವಂಗೂ ಒಂದ ರೇಟು ಅಕ್ಕಾ. ಅದರಾಗ ಬಡವ ಸಾವ್ಕಾರ ಅಂತ ಇಲ್ಲ."

ನೀಲವ್ವ ಬಕೆಟ್ಟನ್ನು ಕಾಲಿನಿಂದ ಒದ್ದಳು. ಸಿಟ್ಟು ಬಂದರೆ ಅವಳ ಕಿವಿ ಕೆಂಪಾಗುತ್ತದೆ. ಒದ್ದೆ ಕಾಲಲ್ಲೇ ಆಫೀಸಿನ ಮೆಟ್ಟಿಲು ಹತ್ತಿದಳು.

ಒಳಗೆ ಏಸಿ. ಉಮಾಪತಿ ಫೋನಿನಲ್ಲಿ ಯಾರೊಂದಿಗೋ ಮಾತಾಡುತ್ತಿದ್ದ. ಗಾಜಿನ ಬಾಗಿಲ ಹೊರಗೆ ನಿಂತವಳಿಗೆ ಎಲ್ಲ ಕೇಳಿಸಿತು.

"ಈ ಸರ್ಕಾರ ಪುಕ್ಕಟೆ ಹಂಚಿ ಹಂಚಿ ಮಂದೀನ ಮೈಗಳ್ಳರನ್ನ ಮಾಡೈತ್ರಿ. ನಾವು ಟ್ಯಾಕ್ಸ್ ಕಟ್ಟಿ ಕಟ್ಟಿ ಸಾಯೂದು, ಅವರು ಕುಂತು ತಿನ್ನೂದು. ಯಾರದೋ ದುಡ್ಡು ಯಲ್ಲಮ್ಮನ ಜಾತ್ರಿ. ಕೆಲಸಕ್ಕ ಆಳು ಸಿಗವಲ್ರು ಅಂದ್ರ ಇದಕ್ಕ ನೋಡ್ರಿ."

ಈ ಮಾತು ಆಡುವಾಗ ಅವನ ಮುಖದಲ್ಲಿ ನಿಜವಾದ ನೋವಿತ್ತು. ಕಳ್ಳನಿಗೂ ಮನೆಗೆ ಬೀಗ ಹಾಕುವಾಗ ಕಳ್ಳರ ಭಯ ಇರುತ್ತದಲ್ಲ, ಹಾಗೆ.

ನೀಲವ್ವ ಒಳಗೆ ಹೋದಳು. "ಸಾವ್ಕಾರ್ರ, ನನ್ನ ಹೆಸರಿನ ಮ್ಯಾಲ ಗಾಡಿ ಇಟ್ಟೀರಂತ. ತಗೀರಿ."

ಉಮಾಪತಿ ಅವಳ ಮುಖ ನೋಡಲಿಲ್ಲ. ಅವಳ ಕಾಲಿನಿಂದ ಟೈಲ್ಸಿನ ಮೇಲೆ ಹರಿದ ನೀರು ನೋಡಿದ. "ಯಾರು ಹೇಳಿದ್ರು?"

"ಯಾರರ ಹೇಳ್ಯಾರ. ಬಹೀಣ್ ಪೈಸಾ ನಿಂತೈತಿ. ನಮ್ಮ ಮನ್ಯಾವ್ರ ಗುಳಿಗಿ ನಿಲ್ಲಾಕತ್ತಾವು."

"ಅಯ್ಯ, ಇಷ್ಟಕ್ಕ ಬಂದಿಯೇನು?" ಅವನ ದನಿ ಬೆಣ್ಣೆಯಾಯಿತು. "ಹೆಸರು ಇದ್ರ ಏನು ಸವದು ಹೋಗ್ತದನು ತಂಗಿ? ಆ ಹದಿನೈದು ನೂರು ನಾ ಕೊಡ್ತೀನಿ, ತಿಂಗಳಾ ತಿಂಗಳಾ. ಸರ್ಕಾರದ ಮುಂದ ಯಾಕ ಕೈ ಒಡ್ಡತಿ? ನಾ ಇಲ್ಲೇನು?"

"ನಿಮ್ಮದು ಬ್ಯಾಡ್ರಿ. ನಂದು ನನಗ ಬರಲಿ. ಗಾಡಿ ತಗೀರಿ."

ಬೆಣ್ಣೆ ಕರಗಿತು. ಉಮಾಪತಿ ಮೊಬೈಲು ತಿರುಗಿಸಿ ಅವಳ ಮುಂದೆ ಹಿಡಿದ. ಹೊಸ ಸೀರೆ, ಹಣೆತುಂಬ ಕುಂಕುಮ, ಎತ್ತಿದ ಕೈಯಲ್ಲಿ ಚಾವಿ. ಹಲ್ಲು ಕಾಣುವಂತೆ ನಗುತ್ತಿದ್ದಾಳೆ.

"ಈಕಿ ಯಾರು? ಸುಳ್ಳು ಹೇಳಿ ಸರ್ಕಾರದ ಸಾಲ ಎತ್ತಿದಾಕಿ ನೀನು. ಹೆಬ್ಬಟ್ಟು ನಿಂದು. ಫೋಟೋ ನಿಂದು. ತಕರಾರು ತಗದ್ರ ಜೈಲಿಗೆ ಹೋಗಾಕಿ ನೀನ, ನಾ ಅಲ್ಲ. ಆ ಹುಚ್ಚ ಗಂಡನ್ನ ಆವಾಗ ಯಾರು ನೋಡ್ತಾರ? ಹೋಗು, ಗಾಡಿ ತೊಳಿ ಹೋಗು."

ಅತ್ತ ದರಿ, ಇತ್ತ ಪುಲಿ. ನೀಲವ್ವ ಮೆಟ್ಟಿಲಿಳಿದು ಬಂದು ಕಾರು ತೊಳೆದಳು. ತಗ್ಗಿನಲ್ಲಿ ನಿಂತ ರಾಡಿಯನ್ನು ತೆಗೆಯಲಿಲ್ಲ. ಆ ತಿಂಗಳು ಉಮಾಪತಿ ಹದಿನೈದು ನೂರು ಕೊಟ್ಟದ್ದು ನಿಜ. ರಜೆ ಮಾಡಿದ್ದಿ, ಶಾಂಪೂ ಹೆಚ್ಚು ಸುರಿದಿದ್ದಿ ಎಂದು ಪಗಾರದಲ್ಲಿ ಅಷ್ಟನ್ನೇ ಮುರಿದುಕೊಂಡದ್ದೂ ನಿಜ.

ಗುಳಿಗೆಯನ್ನು ದಿನ ಬಿಟ್ಟು ದಿನ ನುಂಗಿದರೆ ಸಾಕು ಎಂದು ಸಿದ್ದಲಿಂಗಯ್ಯನೇ ಹೇಳಿದ. "ನನಗ ಆರಾಮ ಅನಸ್ತೈತಿ ನೀಲಾ. ಒಂದೊಂದು ದಿನ ಬಿಟ್ರ ಏನೂ ಆಗಂಗಿಲ್ಲ." ಹೆಂಡತಿಯ ಬೆನ್ನು ಹಗುರ ಮಾಡಲು ಗಂಡಸು ಹೇಳುವ ಸುಳ್ಳು ಅದು. ನೀಲವ್ವನಿಗೆ ತಿಳಿಯಿತು, ಆದರೂ ಸುಮ್ಮನಾದಳು. ಹಾಗೆ ಸುಮ್ಮನಿದ್ದುದಕ್ಕೆ ಅವಳು ಈಗಲೂ ತನ್ನನ್ನು ಬೈದುಕೊಳ್ಳುತ್ತಾಳೆ. ನಾನು ಹೇಳುತ್ತೇನೆ, ಬೈಗುಳಕ್ಕೆ ಯೋಗ್ಯರಾದವರು ಬೇರೆಯೇ ಇದ್ದಾರೆ.

ಮಳೆಗಾಲದ ಒಂದು ಮಧ್ಯಾಹ್ನ ನಳದ ಸಾಲಿನಲ್ಲಿ ಕೊಡ ಹಿಡಿದು ನಿಂತಿದ್ದ ಸಿದ್ದಲಿಂಗಯ್ಯ ಕೊಡದ ಸಮೇತ ಬಿದ್ದ. ಕಣ್ಣು ಮೇಲೆ ಹೋಯಿತು. ಬಾಯಲ್ಲಿ ನೊರೆ, ನೊರೆಯಲ್ಲಿ ರಕ್ತ. ಕೈಕಾಲು ಕಲ್ಲಿಗೆ ಬಡಿಯತೊಡಗಿದವು. ನೀಲವ್ವ ಅವನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು.

"ಕಬ್ಬಿಣ ಕೊಡ್ರಿ ಕೈಯಾಗ. ಚಾವಿ ಕೊಡ್ರಿ, ಚಾವಿ," ಎಂದರು ಯಾರೋ.

ಫಿಟ್ಸ್ ಬಂದವರ ಕೈಗೆ ಚಾವಿ ಕೊಟ್ಟರೆ ನಿಲ್ಲುತ್ತದೆ ಎಂದು ಜನ ನಂಬಿದ್ದಾರೆ. ಆದರೆ ಆ ಓಣಿಯಲ್ಲಿ ಬೀಗ ಹಾಕುವಂಥ ಮನೆ ಯಾವುದಿದೆ? ಹೆಂಗಸರು ಒಬ್ಬರ ಸೊಂಟ ಒಬ್ಬರು ನೋಡಿದರು. ಯಾರ ಹತ್ತಿರವೂ ಚಾವಿ ಇರಲಿಲ್ಲ. ಊಟಕ್ಕೆ ಮನೆಗೆ ಬಂದಿದ್ದ ಪ್ರವೀಣ ಗದ್ದಲ ಕೇಳಿ ಎಂಜಲು ಕೈಯಲ್ಲೇ ಓಡಿಬಂದ. ಕಿಸೆಯಿಂದ ಕಾರಿನ ಚಾವಿ ತೆಗೆದು ಸಿದ್ದಲಿಂಗಯ್ಯನ ಮುಷ್ಟಿಯಲ್ಲಿ ತುರುಕಿದ.

ಚಾವಿಯಿಂದ ಫಿಟ್ಸ್ ನಿಲ್ಲುವುದಿಲ್ಲ. ಗುಳಿಗೆಯಿಂದ ನಿಲ್ಲುತ್ತದೆ. ಸಿದ್ದಲಿಂಗಯ್ಯ ತನ್ನ ಪಾಡಿಗೆ ತಾನು ಒದ್ದಾಡಿ, ದಣಿದು, ನಿದ್ದೆಗೆ ಬಿದ್ದ. ನೀಲವ್ವ ಅವನ ಬೆರಳು ಒಂದೊಂದಾಗಿ ಬಿಡಿಸಿ ಚಾವಿ ಹೊರತೆಗೆದಳು. ಅಂಗೈಯಲ್ಲಿ ಅದರ ಗುರುತು ಮೂಡಿತ್ತು. ಅವಳ ಹೆಸರಿನ ಕಾರಿನಿಂದ ಅವಳ ಗಂಡನಿಗೆ ಸಿಕ್ಕಿದ್ದು ಆ ಗುರುತು ಒಂದೇ.

ಚಾವಿಯನ್ನು ಪ್ರವೀಣನಿಗೆ ತಿರುಗಿ ಕೊಡುವಾಗ ನೀಲವ್ವ ಅತ್ತಳು. ದುಃಖಕ್ಕಲ್ಲ. ಅದನ್ನು ತಿರುಗಿ ಕೊಡಬೇಕಾಯಿತಲ್ಲ ಎಂಬ ಸಿಟ್ಟಿಗೆ.

ಮರುದಿನ ನೀರಿನ ಟಾಕಿಯ ಹತ್ತಿರ ಮೂವರೂ ರೊಟ್ಟಿ ಬಿಚ್ಚಿದರು. ಇಮಾಂಬಿಯದೂ ಬಹೀಣ್ ಪೈಸಾ ನಿಂತಿತ್ತು. ಚಂದಾಳಿಗೆ ಬರುತ್ತಿದ್ದ ವಿಧವಾ ವೇತನವೂ ನಿಂತಿತ್ತು. ಇಬ್ಬರೂ ತಮ್ಮ ಹಣೆಬರಹ ಎಂದುಕೊಂಡಿದ್ದರು. ನೀಲವ್ವ ಎಲ್ಲ ಬಿಡಿಸಿ ಹೇಳಿದಳು. ಚಂದಾಳಿಗೆ ಅರ್ಧ ಹಿಂದಿ, ಅರ್ಧ ಮರಾಠಿಯಲ್ಲಿ ಹೇಳಿದಳು.

ಚಂದಾ ಕೈಯಲ್ಲಿದ್ದ ತುತ್ತನ್ನು ಡಬ್ಬಿಯಲ್ಲಿಟ್ಟಳು. "ನಾನು ರಂಡೆ," ಎಂದಳು ಹಿಂದಿಯಲ್ಲಿ. "ನನ್ನ ತಮ್ಮನ ಮದುವೆಯಲ್ಲಿ ನನ್ನನ್ನು ಅರಿಶಿನ ಮುಟ್ಟಲು ಬಿಟ್ಟಿಲ್ಲ. ಇವನು ಪೂಜೆಗೆ ಕರೆದಾಗಲೇ ನನಗೆ ಅನುಮಾನ ಬರಬೇಕಿತ್ತು."

"ನನಗ ಬರಬೇಕಿತ್ತು," ಎಂದಳು ನೀಲವ್ವ. "ಅವನು ಹಣಿ ನೋಡಲಿಲ್ಲ, ಹೆಬ್ಬಟ್ಟು ನೋಡಿದ."

ಇಮಾಂಬಿ ಲೆಕ್ಕಾಚಾರದ ಹೆಂಗಸು. ರೊಟ್ಟಿಯ ತುಣುಕನ್ನು ಬಾಯಲ್ಲಿ ತಿರುಗಿಸುತ್ತ ಕೇಳಿದಳು: "ಗಾಡಿ ನಂದಲ್ಲ ಅಂದ್ರ, ಸುಳ್ಳು ಹೇಳಿ ಸಾಲ ತಗೊಂಡಿ ಅಂತ ಜೈಲು. ಖರೆ. ಗಾಡಿ ನಂದು ಅಂದ್ರ?"

ಮೂವರೂ ಸಾಲಾಗಿ ನಿಂತ ಕಾರುಗಳ ಕಡೆ ನೋಡಿದರು. ಆಮೇಲೆ ಎದ್ದು ಕೈ ತೊಳೆದುಕೊಂಡು ಕೆಲಸಕ್ಕೆ ಹೋದರು.

ಈ ವರ್ಷದ ಖಂಡೇಪೂಜೆ ಬಂತು. ಉಮಾಪತಿ ಹಿಂದಿನ ದಿನವೇ ಮೂವರನ್ನೂ ಕರೆದ. "ಹೋದ ವರ್ಷದ ಸೀರಿ ಉಟ್ಕೊಂಡು ಬರ್ರಿ. ಕಂಪನೀ ಋತ್ವಿಕ್ ಸಾಹೇಬ್ರು ಬರ್ತಾರ, ಬೆಂಗಳೂರಾವ್ರು, ನಮ್ಮಾವ್ರ. ಹೆಣ್ಮಕ್ಕಳು ಗಾಡಿ ಮಾಲೀಕರಾಗ್ಯಾರ ಅಂತ ಅವರಿಗೆ ಬಾಳ ಅಭಿಮಾನ. ಇನ್ನೂ ಹತ್ತು ಗಾಡಿ ಬಾಡಿಗಿಗೆ ತಗೊಳ್ಳವರು ಅದಾರ. ಕೇಳಿದ್ರ 'ಗಾಡಿ ನಂದು' ಅನ್ರಿ. ಅಷ್ಟ. ಎರಡನೇ ಮಾತು ಬ್ಯಾಡ. ನೀಲವ್ವ, ಒಮ್ಮಿ ಅನ್ನು ನೋಡೂನು."

"ಗಾಡಿ ನಂದು," ಎಂದಳು ನೀಲವ್ವ.

"ಸ್ವಲ್ಪ ಜೋರಾಗಿ. ಹಿಂದ ನಿಂತವರಿಗೆ ಕೇಳಬೇಕು."

"ಗಾಡಿ ನಂದು."

"ಶಾಬ್ಬಾಸ್. ಹಂಗ ಅನ್ನಬೇಕು."

ಪೂಜೆಯ ದಿನ ಯಾರ್ಡಿನ ತುಂಬ ಚೆಂಡು ಹೂವಿನ ಮಾಲೆ. ಕಾರುಗಳ ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟಿದ್ದರು. ಡ್ರೈವರರು ಇಸ್ತ್ರಿ ಅಂಗಿ ತೊಟ್ಟು ನಿಂತಿದ್ದರು. ಋತ್ವಿಕ್ ಬಂದ. ಎಳೆಯ ವಯಸ್ಸು, ನಯವಾದ ಮಾತು, ಕೊರಳಲ್ಲಿ ಕಂಪನಿಯ ಪಟ್ಟಿ. ನೀಲವ್ವ ಕುಂಕುಮ ಹಚ್ಚಿ ಬೂದುಗುಂಬಳ ಒಡೆದಳು. ಉಮಾಪತಿ ತಾನೇ ಅವಳ ಕೈಗೆ ಚಾವಿ ಕೊಟ್ಟ. ಇಮಾಂಬಿಗೂ ಚಂದಾಳಿಗೂ ಕೊಟ್ಟ.

"ನಮಸ್ಕಾರ ಅಮ್ಮಾ," ಎಂದ ಋತ್ವಿಕ್, ಮೊಬೈಲು ಎತ್ತಿ ಹಿಡಿದು. "ಇದು ನಿಮ್ಮದೇ ಗಾಡಿನಾ?"

"ಹೌದ್ರಿ. ಗಾಡಿ ನಂದು."

"ತುಂಬಾ ಖುಷಿಯಾಯ್ತಮ್ಮಾ. ಇದನ್ನ ನಮ್ಮ ಆಫೀಸಿನವರಿಗೆಲ್ಲ ತೋರಿಸ್ತೀನಿ."

"ತೋರಸ್ರಿ. ಮತ್ತ ಒಂದು ಮಾತು ಕೇಳ್ಲೇನ್ರಿ? ನನ್ನ ಗಾಡಿಗೆ ನೀವು ತಿಂಗಳಿಗೆ ಬಾಡಿಗಿ ಎಷ್ಟು ಕೊಡ್ತೀರಿ?"

ಋತ್ವಿಕ್ ಉಮಾಪತಿಯ ಕಡೆ ನೋಡಿದ. "ಅದು ನಿಮಗೇ ಗೊತ್ತಿರ್ಬೇಕಲ್ಲಮ್ಮಾ."

"ಗೊತ್ತಿಲ್ರಿ. ಒಂದು ಪೈಸಾ ನೋಡಿಲ್ಲ. ಇದನ್ನ ತೊಳಿಯೂ ಪಗಾರ ಅಷ್ಟ ನೋಡೀನಿ."

ಉಮಾಪತಿ ದೊಡ್ಡದಾಗಿ ನಕ್ಕ. "ನಮ್ಮ ಕಡೀ ಹೆಣ್ಮಗಳು ಸರ್, ಚ್ಯಾಷ್ಟಿ ಬಾಳ. ನೀಲವ್ವ, ಪೂಜಿ ಮುಗೀತು. ಚಾವಿ ಕೊಡು ಇತ್ಲಾಗ." ಕೈ ಚಾಚಿದ.

ನೀಲವ್ವ ಮುಷ್ಟಿ ಮುಚ್ಚಿದಳು. "ಹೋದ ವರ್ಷ ಕೊಟ್ಟಿದ್ದೆ. ಈ ವರ್ಷ ಕೊಡಂಗಿಲ್ಲ."

"ಏ, ಸಾಹೇಬ್ರ ಮುಂದ ಏನಿದು?"

"ಸಾಹೇಬ್ರ ಮುಂದನ ಹೇಳ್ರಿ ಸಾವ್ಕಾರ್ರ. ಎರಡರಾಗ ಒಂದು ಹೇಳ್ರಿ. ಗಾಡಿ ನಂದೋ ನಿಮ್ಮದೋ? ನಂದಾದ್ರ ಚಾವಿ ನಂದು, ದುಡಿದದ್ದು ನಂದು. ನಿಮ್ಮದಾದ್ರ, ನನ್ನ ಗಂಡನ ಗುಳಿಗಿ ರೊಕ್ಕ ಯಾಕ ತಿಂದ್ರಿ? ಚಂದಾಬಾಯಿ ರಂಡೆ ಪಗಾರ ಯಾಕ ತಿಂದ್ರಿ? ಬಡವರ ಹೆಸರಿಗೆ ಬಂದ ಸಾಲ ನುಂಗಿದ್ರಿ, ಬಡವರ ಹೆಸರಿನ ಹಿಂದ ಅಡಗಿ ಟ್ಯಾಕ್ಸ್ ನುಂಗಿದ್ರಿ. ನಾವು ಪುಕ್ಕಟೆ ತಿಂತೀವಿ ಅಂತ ಫೋನಿನ್ಯಾಗ ಬ್ಯಾರೆ ಅಳ್ತೀರಿ."

ನುಂಗುವಂತಿಲ್ಲ, ಉಗುಳುವಂತಿಲ್ಲ, ಬಾಯಲ್ಲಿ ಬಿಸಿತುಪ್ಪ. ನನ್ನದು ಎಂದರೆ ಸಾಲ, ಮಾಫಿ, ಟ್ಯಾಕ್ಸು ಎಲ್ಲ ಬೆತ್ತಲೆ. ನಿನ್ನದು ಎಂದರೆ ಗಾಡಿ ಹೋಯಿತು. ಉಮಾಪತಿಯ ನಾಲಿಗೆ 'ನ' ಎನ್ನಲು ಒಂದು ಸಲ ಹಲ್ಲಿಗೆ ತಾಗಿ ಹಾಗೇ ನಿಂತಿತು.

ಋತ್ವಿಕ್ ಮೊಬೈಲು ಕಿಸೆಗೆ ಇಳಿಸಿದ. "ಇದು ನಿಮ್ಮ ನಿಮ್ಮ ವಿಷಯ ಸರ್, ನಾನು ಮಧ್ಯೆ ಬರಲ್ಲ. ಆದ್ರೆ ಇದು ಕ್ಲಿಯರ್ ಆಗೋವರೆಗೂ ಈ ಗಾಡಿಗಳ ಬಿಲ್ ಹೋಲ್ಡ್ ಮಾಡ್ಬೇಕಾಗುತ್ತೆ," ಎಂದ. ಅಭಿಮಾನದಿಂದ ಬಂದವನು ನೀಲವ್ವನ ಮುಖ ನೋಡದೆ ಹೊರಟ. ಮಿಠಾಯಿ ಡಬ್ಬಿಯನ್ನು ಮಾತ್ರ ಮರೆಯದೆ ಒಯ್ದ.

ಅವನ ಕಾರು ಗೇಟು ದಾಟಿದ್ದೇ ತಡ, ಉಮಾಪತಿ ನೀಲವ್ವನ ಮುಂಗೈ ಹಿಡಿದು ತಿರುವಿದ. "ಉಂಡ ಮನಿಗೆ ಎರಡು ಬಗೀತಿ ಏನ ರಂಡೆ? ಬಿಡು ಚಾವಿ."

"ಕೈ ಬಿಡ್ರಿ ಶೇಠ್‌ಜಿ," ಎಂದ ಪ್ರವೀಣ. ಅವನು ಯಾವಾಗ ಹತ್ತಿರ ಬಂದನೋ ಉಮಾಪತಿಗೆ ತಿಳಿಯಲಿಲ್ಲ. ಹಿಂದಿದ್ದ ಉಳಿದ ಡ್ರೈವರರೂ ನಾಲ್ಕು ಹೆಜ್ಜೆ ಮುಂದೆ ಬಂದಿದ್ದರು. ಉಮಾಪತಿ ಕೈ ಬಿಟ್ಟ.

"ನೀಲಕ್ಕ, ಕುಂಡ್ರು," ಎಂದು ಪ್ರವೀಣ ಹಿಂದಿನ ಬಾಗಿಲು ತೆಗೆದ.

ಆ ಸೀಟನ್ನು ಅವಳು ವರ್ಷದಿಂದ ಒರೆಸಿದ್ದಳು. ಕೂತಿರಲಿಲ್ಲ. ಕೂತಳು. ಚಾವಿಯನ್ನು ಪ್ರವೀಣನಿಗೆ ಕೊಟ್ಟಳು, ಈ ಸಲ ಅಳಲಿಲ್ಲ. ಇಮಾಂಬಿ ತನ್ನ ಕಾರಿನ ಮುಂದಿನ ಸೀಟಿನಲ್ಲೇ ಕೂತಳು. ಅವಳ ಡ್ರೈವರ್ ಒಮ್ಮೆ ಸಾವ್ಕಾರನನ್ನು, ಒಮ್ಮೆ ಅವಳನ್ನು ನೋಡಿ, ಬಾಕಿ ಪಗಾರ ನೆನಪಾಯಿತೋ ಏನೋ, ಸ್ಟೇರಿಂಗ್ ಹಿಡಿದ. ಚಂದಾಳ ಡ್ರೈವರ್ ಮಾತ್ರ ಹೆದರಿ ಕೆಳಗಿಳಿದುಬಿಟ್ಟ. ಚಂದಾ ಒಳಗೆ ಕೂತು ಬಾಗಿಲು ಎಳೆದುಕೊಂಡಳು. ಓಡಿಸಲಿಕ್ಕೆ ಬರುವುದಿಲ್ಲ, ಕೂಡಲಿಕ್ಕೆ ಬರುತ್ತದೆ. ಸಂಜೆಯವರೆಗೂ ಅವಳು ಇಳಿಯಲಿಲ್ಲ ಎಂದು ಆಮೇಲೆ ಎಲ್ಲರೂ ಹೇಳಿದರು.

"ಎಲ್ಲಿಗೆ ಅಕ್ಕಾ?" ಎಂದ ಪ್ರವೀಣ.

"ಮೊದಲ ಓಣಿ ಬಾಯಿಗೆ. ಅವರನ್ನ ಹತ್ತಿಸ್ಕೊಂಡು ದವಾಖಾನಿಗೆ. ಆಮ್ಯಾಲ ತಹಶೀಲ ಕಚೇರಿಗೆ."

"ಹಬ್ಬಕ್ಕ ಕಚೇರಿ ಬಂದ್ ಇರ್ತೈತಿ."

"ಇರಲಿ. ಬಾಗಿಲ ಮುಂದ ನಿಲ್ಲಸು. ತೆರಿಯೂತನಕ ನಿಲ್ಲಲಿ. ಗಾಡಿ ಎಲ್ಲೈತಿ ಎಲ್ಲೈತಿ ಅಂತ ಕೇಳಾಕತ್ತಿದ್ರಲ್ಲ, ನೋಡಲಿ. ಯಾರ್ಯಾರ ರೊಕ್ಕ ನಿಂತೈತಿ ಅವರನ್ನೆಲ್ಲ ಮೇಶ್ರಾಮ್ ತಾಯಿ ಕರಕೊಂಡು ಬರ್ಲಿ. ಜೈಲಿಗೆ ಹಾಕಿದ್ರ ಹಾಕಲಿ, ಎಲ್ಲಾರ ಮುಂದ ಹಾಕಲಿ."

ಗೇಟಿನಲ್ಲಿ ಉಮಾಪತಿ ಕೈ ಅಡ್ಡ ಹಿಡಿದು ನಿಂತಿದ್ದ. ಕೊರಳಲ್ಲಿ ಹೂವಿನ ಹಾರ ಹಾಗೇ ಇತ್ತು. ಒಂದು ಕೈಯಲ್ಲಿ ಮೊಬೈಲು.

"ಪೊಲೀಸರಿಗೆ ಫೋನ್ ಮಾಡ್ತೀನಿ. ಗಾಡಿ ಕಳುವು ಮಾಡ್ಯಾರ ಅಂತ ಕೇಸ್ ಹಾಕ್ತೀನಿ. ನಿಮ್ಮ ವಂಶಕ್ಕ ಬುದ್ಧಿ ಬರಬೇಕು, ಹಂಗ ಮಾಡ್ತೀನಿ."

ಗಾಜು ಇಳಿಸುವುದು ಹೇಗೆಂದು ನೀಲವ್ವನಿಗೆ ಗೊತ್ತಿರಲಿಲ್ಲ. ಪ್ರವೀಣ ಮುಂದಿನಿಂದಲೇ ಗುಂಡಿ ಒತ್ತಿ ಇಳಿಸಿದ.

"ಮಾಡ್ರಿ," ಎಂದಳು. "ಈಗ ಮಾಡ್ರಿ, ನಾವು ಇಲ್ಲೇ ಅದೀವಿ. ಯಾರ ಗಾಡಿ ಕಳುವಾಗೇದ ಅಂತ ಅವರು ಕೇಳ್ತಾರ. ಏನು ಹೇಳ್ತೀರಿ, ನಾವೂ ಕೇಳ್ತೀವಿ."

ಉಮಾಪತಿಯ ಹೆಬ್ಬೆರಳು ಮೊಬೈಲಿನ ಮೇಲೆ ಇತ್ತು. ಒತ್ತಿದರೆ ಮುಗಿಯಿತು. ನೀಲವ್ವ ಆ ಹೆಬ್ಬೆರಳನ್ನೇ ನೋಡುತ್ತ ಕೂತಳು.

"ಒತ್ತರಿ ಸಾವ್ಕಾರ್ರ," ಎಂದಳು. "ನಾವೂ ಹೆಬ್ಬಟ್ಟು ಒತ್ತಿದ್ವಲ್ಲ."

ಅವನು ಒತ್ತಲಿಲ್ಲ. ಗೇಟಿನ ಪಕ್ಕಕ್ಕೆ ಸರಿದು ದಾರಿ ಬಿಟ್ಟ.